ಅರ್ಧ ಬೆಲೆಯ ಪ್ಲಗ್

ಮೋಟಾರಿನ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಎವ್ಸೇಯ್ ಸುಮ್ಮನೆ ನಿಂತುಬಿಟ್ಟ. ಇನ್ನು ಸ್ಪಾರ್ಕ್ ಪ್ಲಗ್ಗಿಗೆ ಪಾನಾ ಹಾಕಿ ತಿರುಗಿಸಬೇಕು, ಅಷ್ಟೇ. ನಲವತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಮಾಡಿಕೊಂಡು ಬಂದ ಕೆಲಸ. ಇವತ್ತು ಮಾತ್ರ ಕೈ ಮುಂದೆ ಹೋಗಲೊಲ್ಲದು.

ಅದು ತೆರೆಂಟಿಯ ದೋಣಿಯ ಮೋಟಾರು. ತೆರೆಂಟಿ ಅವನ ತಂಗಿ ಅನಿಸಿಯಾಳ ಗಂಡ. ಅವನನ್ನು ಮಣ್ಣು ಮಾಡಿ ಇನ್ನೂ ಮೂರು ದಿನ. ಬೆಳಿಗ್ಗೆ ಅನಿಸಿಯಾ ಮೋಟಾರನ್ನು ತಳ್ಳುಗಾಡಿಗೆ ಹೇರಿ, ಯಾರನ್ನೂ ಹತ್ತಿರ ಸೇರಿಸದೆ, ಕೆಸರಿನ ಬೀದಿಯಲ್ಲಿ ತಾನೊಬ್ಬಳೇ ತಳ್ಳಿಕೊಂಡು ಬಂದಿದ್ದಳು. ಬರುವಷ್ಟರಲ್ಲಿ ಲಂಗದ ಅಂಚೆಲ್ಲ ಕೆಸರಾಗಿತ್ತು.

"ಅಣ್ಣಾ, ಇದು ಯಾಕೆ ನಿಂತೋಯ್ತು ಅಂತ ನೋಡು," ಅಂದಿದ್ದಳು. "ನೋಡಿ ನಂಗೆ ಹೇಳು. ನಂಗೊಬ್ಬಳಿಗೇ."

"ನೋಡ್ತೀನಿ ಕಣಮ್ಮ. ಈಗ ಅದಕ್ಕೇನು ಆತುರ?"

"ನಂಗೆ ಆತುರ ಇದೆ." ಕರವಸ್ತ್ರದ ಗಂಟೊಂದನ್ನು ಬೆಂಚಿನ ಮೇಲಿಟ್ಟಳು. "ಅವರ ಕೋಟಿನ ಜೇಬಲ್ಲಿತ್ತು. ನಿಂಗೆ ಬೇಕಾಗಬಹುದು."

ಮುಖ ಕೊಟ್ಟು ಮಾತಾಡಲಿಲ್ಲ. ಅತ್ತಿಗೆ ಹರಿತಿನಾ ಕೊಟ್ಟ ಚಹಾವನ್ನೂ ಮುಟ್ಟದೆ ಖಾಲಿ ಗಾಡಿ ತಳ್ಳಿಕೊಂಡು ಹೊರಟುಹೋದಳು.

ಫೆಬ್ರವರಿಯಲ್ಲಿ ರಜೀಮ್ ಸರೋವರವನ್ನು ನಂಬಿ ಕೆಟ್ಟವರು ಈ ಊರಿನ ಮನೆಮನೆಯಲ್ಲೂ ಇದ್ದಾರೆ. ಹಿಮಗಡ್ಡೆ ಬಿರುಕು ಬಿಟ್ಟು ನೀರು ಕಂಡ ಕೂಡಲೇ ದೋಣಿ ಇಳಿಸುತ್ತಾರೆ. ಇಳಿಸದೆ ಏನು ಮಾಡುತ್ತಾರೆ, ಮನೆಯಲ್ಲಿ ಕೂತರೆ ಗೆಂಡೆ ಮೀನು ತಾನಾಗಿ ಒಲೆಗೆ ಬಂದು ಬೀಳುತ್ತದೆಯೇ? ತೆರೆಂಟಿ ಬೆಳಿಗ್ಗೆ ಬಲೆ ಎತ್ತಲು ಹೋದವನು. ಮಧ್ಯಾಹ್ನಕ್ಕೆ ಬಡಗಣ ಗಾಳಿ ತಿರುಗಿತು. ಮಿಕ್ಕವರೆಲ್ಲ ದಡ ಸೇರಿದರು, ಅವನೊಬ್ಬ ಬರಲಿಲ್ಲ. ಮೂರನೆಯ ದಿನ ಆಚೆ ದಡದ ಜೊಂಡಿನಲ್ಲಿ, ಹಿಮದ ಚೂರುಗಳ ನಡುವೆ, ಅದೇ ದಂಡೆಯ ಮೀನುಗಾರ ಫೆದೋತನಿಗೆ ದೋಣಿ ಸಿಕ್ಕಿತು. ಒಂದು ಹುಟ್ಟು ಮುರಿದಿತ್ತು. ಮೋಟಾರಿನ ಮುಚ್ಚಳ ಬಿಚ್ಚಿತ್ತು. ತೆರೆಂಟಿ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದ. ಹೆಣ ತೊಳೆದವರು ಹೇಳಿದರು, ಎರಡೂ ಅಂಗೈಯ ಚರ್ಮ ಸುಲಿದುಹೋಗಿತ್ತಂತೆ. ಮೋಟಾರಿನ ಹಗ್ಗ ಎಳೆದೂ ಎಳೆದೂ.

ಎವ್ಸೇಯ್ ಕೊನೆಗೂ ಪ್ಲಗ್ ಬಿಚ್ಚಿದ. ಅದನ್ನು ತಂತಿಗೆ ಸಿಕ್ಕಿಸಿ, ಮೋಟಾರಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದ. ತುದಿಯಲ್ಲಿ ಕಿಡಿ ಹಾರಬೇಕು, ಹಾರಲಿಲ್ಲ. ಶೆಡ್ಡಿನ ಬಾಗಿಲು ಎಳೆದು ಕತ್ತಲು ಮಾಡಿ ಇನ್ನೊಂದು ಸಲ ಎಳೆದ. ಆಗ ಕಂಡಿತು. ಬಿಳಿ ಪಿಂಗಾಣಿಯ ಮೇಲೆ, ಕೂದಲಿನಷ್ಟು ಸಣ್ಣ ಬಿರುಕಿನಲ್ಲಿ, ನೀಲಿ ಕಿಡಿ ಹೊರಗಿನಿಂದಲೇ ಹರಿದು ಹೋಗುತ್ತಿತ್ತು. ಎರಡನೆಯ ಪ್ಲಗ್ಗೂ ಹಾಗೇ.

ಕರವಸ್ತ್ರ ಬಿಚ್ಚಿದ. ಒಳಗೆ ಇನ್ನೆರಡು ಪ್ಲಗ್ಗುಗಳಿದ್ದವು. ಅವೂ ಹಾಗೇ. ಅಂದರೆ ಮೊದಲು ಹಾಕಿದ್ದು ಕೈಕೊಟ್ಟಾಗ ತೆರೆಂಟಿ ಗಾಬರಿಯಾಗಿಲ್ಲ. ಆ ಗಾಳಿಯಲ್ಲಿ, ಆ ಚಳಿಯಲ್ಲಿ, ಭಾವ ಎವ್ಸೇಯ್ ಹೇಳಿಕೊಟ್ಟಂತೆಯೇ ಕೂತು ಎರಡನ್ನೂ ಬಿಚ್ಚಿದ್ದಾನೆ, ಜೇಬಿಗೆ ಹಾಕಿಕೊಂಡಿದ್ದಾನೆ, ಹೊಸದಾಗಿ ತೆಗೆದಿಟ್ಟಿದ್ದ ಜೋಡಿಯನ್ನು ಹಾಕಿದ್ದಾನೆ. ಆಮೇಲೆ ಹಗ್ಗ ಎಳೆದಿದ್ದಾನೆ.

ನಾಲ್ಕನ್ನೂ ಅವನಿಗೆ ಕೊಟ್ಟವನು ಎವ್ಸೇಯ್.

ಊರಿನ ದಂಡೆಯಲ್ಲಿ ಎವ್ಸೇಯನಿಗೆ ಪ್ರೊಫೆಸರ್ ಎಂದೇ ಹೆಸರು. ಯಾರ ಮೋಟಾರು ಕೆಮ್ಮಿದರೂ ಅವನೇ ಬರಬೇಕು. ನಕಲಿ ಪ್ಲಗ್ಗಿನ ವಿಷಯ ಬಂತೆಂದರೆ ಮುಗಿಯಿತು, ಗಡ್ಡ ನೀವಿಕೊಂಡು ಪಾಠ ಶುರು. "ಮೊದ್ಲು ಅಕ್ಷರ ನೋಡ್ರಯ್ಯ. ಅಸಲಿದಾದ್ರೆ ಪೆಟ್ರೋಲ್ ಬಟ್ಟೇಲಿ ಉಜ್ಜಿದ್ರೂ ಅಳಿಸಲ್ಲ. ಆಮೇಲೆ ತುದಿ. ನಡುವಿನ ಕಂಬಿ ನೆಟ್ಟಗೆ ನಡುವೇನೇ ಇರ್ಬೇಕು. ಕೊನೇಗೆ ವಾಷರ್ರು. ಅಸಲಿದರ ವಾಷರ್ರು ಬೆರಳಲ್ಲಿ ಬಿಚ್ಚೋಕೆ ಬರಲ್ಲ. ಕೈಗೆ ಬಂತೋ, ಹಿಂದೆಮುಂದೆ ನೋಡದೆ ಎಸೆದುಬಿಡಿ."

ತುಲ್ಚಾ ಪೇಟೆಯ ಅಂಗಡಿಯವನು ಪ್ಲಗ್ಗಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಾನೆಂದು ಮೊಬೈಲಿನಲ್ಲಿ ಹುಡುಕಿ ಅರ್ಧ ಬೆಲೆಯದನ್ನು ಕಂಡುಹಿಡಿದವನೂ ಅವನೇ. ಮೊದಲ ಸಲ ನಾಲ್ಕೇ ತರಿಸಿದ. ಅಕ್ಷರ ಉಜ್ಜಿದ, ಭೂತಗನ್ನಡಿ ಹಿಡಿದು ತುದಿ ನೋಡಿದ, ವಾಷರ್ ತಿರುಗಿಸಿ ನೋಡಿದ. ಅಪ್ಪಟ ಅಸಲಿ. ಬೇಸಿಗೆಯೆಲ್ಲ ಒಂದು ದಿನವೂ ತಕರಾರಿಲ್ಲದೆ ಓಡಿದವು. ಮಾರಿದವನ ಪುಟದಲ್ಲಿ ಐದು ನಕ್ಷತ್ರ ಒತ್ತಿ, ಕೆಳಗೆ ಬರೆದ: "ನಾನು ಮೋಟಾರು ರಿಪೇರಿ ಬಲ್ಲವನು. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ, ಕಣ್ಣು ಮುಚ್ಚಿ ಕೊಳ್ಳಿ." ಆಮೇಲೆ ಚಳಿಗಾಲಕ್ಕೆ ಮುಂಚೆ ಹದಿಮೂರು ದೋಣಿಗೂ ಸೇರಿಸಿ ಒಟ್ಟಿಗೆ ತರಿಸಿದ. ಒಂದು ಜೋಡಿ ಹಾಕಲು, ಒಂದು ಜೋಡಿ ಇಟ್ಟುಕೊಳ್ಳಲು. ಈ ಸಲ ಭೂತಗನ್ನಡಿ ಹೊರಗೆ ಬರಲಿಲ್ಲ. ಅದೇ ಅಂಗಡಿ, ಅದೇ ಡಬ್ಬಿ, ನೋಡುವುದೇನಿದೆ?

ನೋಡುವುದಿತ್ತು, ಮತ್ತು ಅವನು ನೋಡಿದ್ದ. ಇದೇ ಅವನನ್ನು ಈಗ ತಿನ್ನುತ್ತಿರುವುದು. ತೆರೆಂಟಿಯ ಮೋಟಾರಿಗೆ ಹಾಕುವಾಗ ಪ್ಲಗ್ಗಿನ ವಾಷರ್ ಕಳಚಿ ಅವನ ಅಂಗೈಗೆ ಬಿದ್ದಿತ್ತು. ದಂಡೆಯ ಮೇಲೆ ಆರೇಳು ಜನ ಸೂರ್ಯಕಾಂತಿ ಬೀಜ ಸುಲಿಯುತ್ತಾ ಕೂತಿದ್ದರು. ತೆರೆಂಟಿ ಬಗ್ಗಿ ನೋಡಿ ಕೇಳಿದ್ದ:

"ಏನ್ ಭಾವ, ವಾಷರ್ರು ಕೈಗೆ ಬಂತಲ್ಲ? ಎಸೆದುಬಿಡಿ ಅಂತ ನೀನೇ ಹೇಳ್ತಿದ್ದೆ?"

ಒಂದು ಕ್ಷಣ. ಒಂದೇ ಕ್ಷಣದಲ್ಲಿ ಎವ್ಸೇಯನಿಗೆ ಎಲ್ಲವೂ ಹೊಳೆದಿತ್ತು. ಇದು ನಕಲಿ ಎಂದರೆ ಎಲ್ಲವೂ ನಕಲಿ. ಹದಿಮೂರು ದೋಣಿಯವರ ಮುಂದೆ ಪ್ರೊಫೆಸರ್ ಟೋಪಿ ಹಾಕಿಸಿಕೊಂಡು ಬಂದಿದ್ದಾನೆ ಎಂದಾಗುತ್ತದೆ. ಅವನು ವಾಷರ್ರನ್ನು ಮತ್ತೆ ಸಿಕ್ಕಿಸಿ, "ಮೊನ್ನೆ ಪಾನಾ ಹಿಡಿಯೋದು ಕಲಿತೋನು ನಂಗೆ ಪಾಠ ಹೇಳ್ತಾನೆ ನೋಡ್ರಪ್ಪ," ಅಂದ. ಎಲ್ಲರೂ ನಕ್ಕರು. ತೆರೆಂಟಿಯೂ ನಕ್ಕ. ಹಳೆಯ ಪ್ಲಗ್ಗುಗಳನ್ನು ಏನು ಮಾಡಲಿ ಎಂದು ಕೇಳಿದ. ಈ ಊರಿನಲ್ಲಿ ಯಾರೂ ಹಳೆಯ ಪ್ಲಗ್ ಬಿಸಾಡುವುದಿಲ್ಲ. ಬಲೆ ಮುಳುಗಲೆಂದು ಅದರ ಅಂಚಿಗೆ ಸೀಸದ ಗುಂಡಿನ ಬದಲು ಅದನ್ನೇ ಕಟ್ಟುತ್ತಾರೆ. "ಬಲೆಗೆ ಕಟ್ಟಿಬಿಡು, ಇನ್ನೇನು ಪೂಜೆ ಮಾಡ್ತೀಯಾ?" ಅಂದಿದ್ದ ಎವ್ಸೇಯ್. ಸವೆದಿದ್ದರೂ ಇನ್ನೊಂದು ವರ್ಷ ಓಡುತ್ತಿದ್ದ ಅಸಲಿ ಪ್ಲಗ್ಗುಗಳು ಹೀಗೆ ನೀರಿನ ತಳ ಸೇರಿದವು.

ತೆರೆಂಟಿಯ ಮೋಟಾರು ಬಿಚ್ಚಿದ ದಿನ ಸಂಜೆ ಎವ್ಸೇಯ್ ಮೊಬೈಲ್ ತೆಗೆದು ನೋಡಿದ. ಮಾರಿದವನ ಅಂಗಡಿಯೇ ಇರಲಿಲ್ಲ. ಆದರೆ ಅದೇ ಪ್ಲಗ್ಗು, ಅದೇ ಚಿತ್ರ, ಬೇರೊಂದು ಹೆಸರಿನ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಕೆಳಗೆ ಅವನ ಮಾತೂ ಹಾಗೇ ಇತ್ತು: ಕಣ್ಣು ಮುಚ್ಚಿ ಕೊಳ್ಳಿ. ನಲವತ್ತೊಂದು ಜನ ಅದನ್ನು ಉಪಯುಕ್ತ ಎಂದು ಒತ್ತಿದ್ದರು. ಅಳಿಸಲು ಹೋದ, ಆಗಲಿಲ್ಲ. "ಇವು ನಕಲಿ, ಒಬ್ಬ ಮನುಷ್ಯ ಸತ್ತಿದ್ದಾನೆ," ಎಂದು ಹೊಸದಾಗಿ ಬರೆದು ಕಳಿಸಿದ. ನಿಮ್ಮ ಬರಹವನ್ನು ಪರಿಶೀಲಿಸುತ್ತಿದ್ದೇವೆ ಎಂದು ಉತ್ತರ ಬಂತು. ಆ ಬರಹ ಎಂದೂ ಕಾಣಿಸಿಕೊಳ್ಳಲಿಲ್ಲ.

ಹೆಂಡತಿ ಹರಿತಿನಾಳಿಗೆ ಹೇಳದೆ ವಿಧಿಯಿರಲಿಲ್ಲ. ಎರಡು ದಿನ ಮನುಷ್ಯ ಬ್ರೆಡ್ಡನ್ನೂ ಮುಟ್ಟದಿದ್ದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಅವಳು ಕೇಳಿಸಿಕೊಂಡು ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಅವಳಿಗೆ ಹೇಳಿದ್ರಾ?"

"ಇಲ್ಲ."

"ಹೇಳಿ."

"ಏನಂತ ಹೇಳ್ಲಿ? ನಿನ್ನ ಗಂಡನ್ನ ಕೊಂದೋನು ನಾನು ಅಂತಲಾ?"

"ನೀವು ಕೊಲ್ಲಲಿಲ್ಲ. ಆದ್ರೆ ವಾಷರ್ರು ಕೈಗೆ ಬಂದಿದ್ದು ನಿಮಗೆ ಗೊತ್ತಿತ್ತು. ಅಷ್ಟನ್ನೇ ಹೇಳಿ. ಮುಂದಿನದು ಅವಳಿಷ್ಟ." ಒಲೆಯ ಕಡೆ ತಿರುಗಿದವಳು ಮತ್ತೆ ಹಿಂತಿರುಗಿ ಹೇಳಿದಳು. "ಉಪವಾಸದ ಹಿಂದಿನ ದಿನ, ಕ್ಷಮೆಯ ಭಾನುವಾರಕ್ಕೆ ಇನ್ನೂ ಮೂರು ವಾರ ಇದೆ. ಅಷ್ಟರೊಳಗೆ ಹೇಳಿ. ಬಾಯಲ್ಲಿ ಇದನ್ನ ಇಟ್ಕೊಂಡು ಉಪವಾಸ ಮಾಡ್ಬೇಡಿ, ಅದು ಉಪವಾಸ ಅಲ್ಲ."

ಮೊದಲು ದೋಣಿಗಳ ಕೆಲಸ ಮುಗಿಸುತ್ತೇನೆ, ಅದಾದ ಮೇಲೆ ಹೇಳುತ್ತೇನೆ ಎಂದುಕೊಂಡ. ಅದು ಸುಳ್ಳೇನೂ ಅಲ್ಲ; ಹನ್ನೆರಡು ದೋಣಿಗಳಲ್ಲಿ ಅದೇ ಪ್ಲಗ್ಗುಗಳು ಕೂತಿದ್ದವು. ಮರುದಿನವೇ ಬಸ್ ಹತ್ತಿ ತುಲ್ಚಾಕ್ಕೆ ಹೋಗಿ, ಅಂಗಡಿಯವನು ಕೇಳಿದ ಬೆಲೆಗೆ ತುಟಿಪಿಟಿಕ್ಕೆನ್ನದೆ ಚೀಲ ತುಂಬ ಪ್ಲಗ್ ತಂದ. ಒಂದೊಂದನ್ನೂ ಉಜ್ಜಿ, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿದ. ಆಮೇಲೆ ದಂಡೆಗಿಳಿದು ದೋಣಿಯಿಂದ ದೋಣಿಗೆ ಹೋಗಿ ಹಳೆಯದನ್ನು ಕಿತ್ತು ಹೊಸದನ್ನು ಹಾಕುತ್ತಾ ಬಂದ.

"ಇದೇನಯ್ಯಾ, ಮೊನ್ನೆ ಮೊನ್ನೆ ಹಾಕಿದ್ದನ್ನ ಕಿತ್ತಾಕ್ತಿದೀಯ?" ಎಂದು ಫೆದೋತ್ ಕೇಳಿದ. ತೆರೆಂಟಿಯನ್ನು ಜೊಂಡಿನಿಂದ ಎತ್ತಿ ತಂದ ಮೇಲೆ ಅವನ ಮಾತೇ ಕಡಿಮೆಯಾಗಿತ್ತು. ಆದರೆ ಎವ್ಸೇಯನನ್ನು ಕಂಡರೆ ಇನ್ನೂ ಮುಖ ಅರಳುತ್ತಿತ್ತು.

"ಈ ಚಳಿಗೆ ಅದು ಆಗಲ್ಲ."

"ಆಗಲ್ವಾ? ತೆರೆಂಟಿ ಮೋಟಾರಿಗೂ ಅದೇ ಆಯ್ತಾ?"

ಎವ್ಸೇಯನ ಪಾನಾ ನಿಂತಿತು. ನಿಜ ಹೇಳಲು ಬಾಗಿಲು ತೆರೆದೇ ಇತ್ತು, ಒಂದು ಹೆಜ್ಜೆ ಇಟ್ಟರೆ ಸಾಕಿತ್ತು.

"ತೆರೆಂಟೀದು ಬೇರೆ," ಅಂದ.

"ಸರಿ ಬಿಡು. ಪ್ರೊಫೆಸರ್ ಹೇಳಿದ್ಮೇಲೆ ಮುಗೀತು." ಫೆದೋತ್ ಅವನ ಬೆನ್ನಿನ ಮೇಲೆ ಕೈಯಿಟ್ಟ. "ನೀನಿರೋದಕ್ಕೆ ಈ ದಂಡೆ ಉಳಿದಿದೆ ಮಾರಾಯ. ಸ್ವಂತ ಭಾವಮೈದುನ ಹೋಗಿದ್ದಾನೆ, ಆ ದುಃಖದಲ್ಲೂ ನಮ್ಮ ಮೋಟಾರು ನೋಡ್ತಿದೀಯ."

ಕಿತ್ತ ಪ್ಲಗ್ಗುಗಳನ್ನೆಲ್ಲ ಎವ್ಸೇಯ್ ಶೆಡ್ಡಿನಲ್ಲಿ ಸುತ್ತಿಗೆಯಿಂದ ಜಜ್ಜಿ ಪುಡಿ ಮಾಡಿದ. ಪುಡಿ ಮಾಡಿದರೂ ಸಮಾಧಾನವಾಗಲಿಲ್ಲ. ದಿನಗಳು ಹೋದವು. ಎರಡು ಸಲ ಅನಿಸಿಯಾಳ ಗೇಟಿನವರೆಗೆ ಹೋಗಿ, ಒಮ್ಮೆ ಸೌದೆ ಒಡೆದುಕೊಟ್ಟು, ಒಮ್ಮೆ ಹೆಂಚು ಸರಿಮಾಡಿ ಬಂದ. ಅವಳು ಒಂದು ಸಲವೂ ಮೋಟಾರಿನ ವಿಷಯ ಎತ್ತಲಿಲ್ಲ. ಎತ್ತದೆ ಇದ್ದದ್ದು ಅವನಿಗೆ ವರವಾಗಿ ಕಂಡಿತು. ಅವಳು ಇಳಿದುಹೋಗಿದ್ದಳು, ಕೆನ್ನೆಯ ಮೂಳೆ ಎದ್ದು, ಬೆರಳಿನ ಉಂಗುರ ಸಡಿಲವಾಗಿ ದಾರ ಸುತ್ತಿಕೊಂಡಿದ್ದಳು. ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದ. ಇವತ್ತು ಅವಳಿಗೆ ತಡೆಯುವ ಶಕ್ತಿ ಇಲ್ಲ ಅಂದುಕೊಳ್ಳುತ್ತಿದ್ದ. ಶಕ್ತಿ ಇಲ್ಲದ್ದು ಯಾರಿಗೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಕ್ಷಮೆಯ ಭಾನುವಾರ ಬಂದೇಬಿಟ್ಟಿತು. ನಾಳೆಯಿಂದ ಉಪವಾಸ, ಇವತ್ತು ಬೆಣ್ಣೆ, ಕೆನೆ ತಿನ್ನುವ ಕೊನೆಯ ದಿನ. ಸಂಜೆಯ ಪ್ರಾರ್ಥನೆಯ ನಂತರ ಊರಿಗೆ ಊರೇ ಒಬ್ಬರ ಕಾಲಿಗೆ ಒಬ್ಬರು ಬಾಗಿ ಕ್ಷಮೆ ಕೇಳುತ್ತದೆ. ಚಿಕ್ಕವರು ದೊಡ್ಡವರ ಮನೆಗೆ ಹೋಗುತ್ತಾರೆ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಹಳೆಯ ಜಗಳಗಂಟರು ಕೂಡ ಮುಖ ಊದಿಸಿಕೊಂಡೇ, ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದೀನಿ ಎಂದು ಹೇಳಿ ಹೋಗುತ್ತಾರೆ.

ಅನಿಸಿಯಾ ಬಂದಾಗ ಹರಿತಿನಾ ಒಲೆಯ ಮುಂದೆ ನಿಂತು ದೋಸೆಯಂಥ ತೆಳು ಬ್ಲಿನಿ ಹುಯ್ಯುತ್ತಿದ್ದಳು. ಅನಿಸಿಯಾ ಮೂಲೆಯ ದೇವರ ಪಟಗಳಿಗೆ ಎರಡು ಬೆರಳಿನಿಂದ ಶಿಲುಬೆಯ ಗುರುತು ಮಾಡಿ ಬಾಗಿದಳು. ಆಮೇಲೆ ನೇರ ಬಂದು ಅಣ್ಣನ ಕಾಲಬುಡದಲ್ಲಿ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದಳು.

"ಅಣ್ಣಾ, ನನ್ನ ಕ್ಷಮಿಸು."

"ಏಳಮ್ಮ, ಏಳು—"

"ಏಳಲ್ಲ. ಮೊದ್ಲು ಹೇಳ್ಬೇಕು." ದನಿ ನೆಲದಿಂದಲೇ ಬಂತು. "ಅವತ್ತು ಬೆಳಿಗ್ಗೆ ನಾವಿಬ್ರೂ ಕಿತ್ತಾಡಿದ್ವಿ. ಗಾಳಿ ತಿರುಗೋ ಹಂಗಿದೆ, ಹೋಗಲ್ಲ ಅಂದ್ರು. ನಾನು ಬಾಯಿಗೆ ಬಂದಂಗೆ ಅಂದೆ. ಎಲ್ರ ಗಂಡಂದಿರೂ ಹೋಗ್ತಾರೆ, ನೀನೊಬ್ಬ ಒಲೆ ಪಕ್ಕ ಮಲಕ್ಕೋ ಅಂದೆ. ಅದೂ ಹೋಗ್ಲಿ. ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದು ನಾನು ಅಣ್ಣ. ಯಾವಾಗ್ಲೂ ಅವರೇ ಬೆರೆಸೋರು. ಅವತ್ತು ಸಿಟ್ಟಲ್ಲಿ ಡಬ್ಬಿ ಕಿತ್ಕೊಂಡು ನಾನು ಬೆರೆಸಿದೆ. ಬೈತಾ ಬೈತಾ ಬೆರೆಸಿದೆ. ಎಣ್ಣೆ ಒಂದು ಸಲ ಹುಯ್ದೆನೋ ಎರಡು ಸಲ ಹುಯ್ದೆನೋ ಗೊತ್ತಿಲ್ಲ. ದಿನಾ ನೆನೆಸ್ಕೋತೀನಿ, ನೆನಪಾಗಲ್ಲ. ಎಣ್ಣೆ ಹೆಚ್ಚಾದ್ರೆ ಪ್ಲಗ್ಗು ಸಾಯುತ್ತೆ ಅಂತ ನೀನೇ ಎಷ್ಟು ಸಲ ಹೇಳಿಲ್ಲ?"

ಎಬ್ಬಿಸಲು ಚಾಚಿದ್ದ ಕೈಯನ್ನು ಎವ್ಸೇಯ್ ಹಿಂದಕ್ಕೆ ಎಳೆದುಕೊಂಡ.

"ಅದಕ್ಕೇ ಮೋಟಾರು ನಿನ್ನ ಹತ್ರ ತಂದಿದ್ದು. ನೀನು ಬಿಚ್ಚಿ ನೋಡಿದೀಯ. ಮೂರು ವಾರ ಆಯ್ತು, ಏನೂ ಹೇಳ್ಲಿಲ್ಲ. ಸೌದೆ ಒಡೆದೆ, ಹೆಂಚು ಹಾಕ್ದೆ, ನನ್ನ ಮುಖ ಮಾತ್ರ ನೋಡ್ಲಿಲ್ಲ. ಆಗ್ಲೇ ಗೊತ್ತಾಯ್ತು ನಂಗೆ. ನನ್ನ ಉಳಿಸೋಕೆ ಸುಮ್ಮನಿದೀಯ."

ಎಣ್ಣೆ ಹೆಚ್ಚಾಗಿರಲಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಅವನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದ್ದ. ಬಣ್ಣ ಹದವಾಗಿತ್ತು. ಪ್ಲಗ್ಗಿನ ಮೂತಿಯಲ್ಲಿ ಜಿಡ್ಡಿರಲಿಲ್ಲ. ಸಿಟ್ಟಿನಲ್ಲೂ ಅವಳ ಕೈ ತಪ್ಪಿರಲಿಲ್ಲ. ಎಣ್ಣೆ ಸರಿಯಾಗಿತ್ತು ಕಣಮ್ಮ. ಇಷ್ಟೇ ಮಾತು. ಇಷ್ಟು ಹೇಳಿದರೆ ಅವಳು ಏಳುತ್ತಾಳೆ. ಎದ್ದು, ಹಾಗಾದರೆ ಯಾಕೆ ನಿಂತಿತು ಎಂದು ಕೇಳುತ್ತಾಳೆ.

ಒಲೆಯ ಹತ್ತಿರ ಸದ್ದು ನಿಂತಿತ್ತು. ಹರಿತಿನಾ ಸೌಟು ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದಳು. ಕಾವಲಿಯ ಮೇಲಿನದು ಸೀಯತೊಡಗಿತ್ತು.

"ಅನಿಸಿಯಾ," ಅಂದ ಎವ್ಸೇಯ್. "ಪ್ಲಗ್ಗು..."

"ಹೂಂ ಅಣ್ಣ." ಅವಳು ತಲೆಯೆತ್ತಿದಳು. "ಪ್ಲಗ್ಗು ಎಣ್ಣೆ ಕುಡಿದು ಸತ್ತಿತ್ತು, ಅಲ್ವಾ? ಹೇಳ್ಬಿಡು. ಹೇಳಿ ಕ್ಷಮಿಸ್ಬಿಡು. ಇನ್ನು ನಂಗೆ ಆಗಲ್ಲ."

ಅವನು ಬಾಯಿ ತೆರೆದ. ಐವತ್ತು ವರ್ಷ ಪ್ರತಿ ಸಲ ಈ ದಿನ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಮಾತು ತಾನಾಗಿ ಹೊರಗೆ ಬಂತು.

"ದೇವರು ಕ್ಷಮಿಸ್ತಾನೆ. ನಾನೂ ಕ್ಷಮಿಸಿದೀನಿ."

ಅನಿಸಿಯಾ ಅವನ ಕೈ ಹಿಡಿದುಕೊಂಡು ಅತ್ತಳು. ಸತ್ತ ಸುದ್ದಿ ಬಂದಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಅತ್ತು ಅತ್ತು, ಕೊನೆಗೆ ತಲೆವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡು ದೀರ್ಘವಾಗಿ ಉಸಿರು ಬಿಟ್ಟಳು. ಎಷ್ಟೋ ದಿನದ ಮೇಲೆ ಭುಜ ಇಳಿಬಿಟ್ಟು ನಿಂತಳು.

ಈಗ ಅವನ ಸರದಿ. ದೊಡ್ಡವರೂ ಚಿಕ್ಕವರಿಗೆ ಬಾಗಬೇಕು. ಎವ್ಸೇಯ್ ನೋಯುವ ಮಂಡಿಯನ್ನು ಮಡಿಸಿ ತಂಗಿಯ ಕಾಲ ಮುಂದೆ ಹಣೆ ಹಚ್ಚಿದ. "ನನ್ನ ಕ್ಷಮಿಸು, ಅನಿಸಿಯಾ," ಅಂದ. ಆ ಮಾತು ಬಾಯಿಪಾಠದ್ದಲ್ಲ, ಕರುಳಿನದು. ಆದರೆ ಕೇಳಲು ಬಾಯಿಪಾಠದಂತೆಯೇ ಇತ್ತು.

"ನಂಗೆ ನೀನೇನು ಮಾಡಿದೀಯ ಅಣ್ಣ, ನಾನು ಕ್ಷಮಿಸೋಕೆ?" ಅವಳ ಒದ್ದೆ ದನಿಯಲ್ಲಿ ನಗು ಸುಳಿಯಿತು. "ದೇವರು ಕ್ಷಮಿಸ್ತಾನೆ. ನಾನೂ ಕ್ಷಮಿಸಿದೀನಿ. ಏಳು, ನೆಲ ತಣ್ಣಗಿದೆ."

ಅವನು ಏಳಲಿಲ್ಲ. ಏಳಣ್ಣ ಎಂದು ಅವಳು ಇನ್ನೊಂದು ಸಲ ಹೇಳಿ, ಅವನ ತೋಳಿಗೆ ಕೈ ಹಾಕಿ ಎಬ್ಬಿಸಿದಳು. ಹರಿತಿನಾ ಸೀದದ್ದನ್ನು ಕೆರೆದು ಬೂದಿಗೆ ಹಾಕಿ ಒಲೆಯ ಕಡೆ ತಿರುಗಿಕೊಂಡಿದ್ದಳು.

"ಅತ್ತಿಗೆ, ಒಳ್ಳೇ ಘಮ ಕಣೇ," ಎಂದು ಅನಿಸಿಯಾ ಬೆಂಚಿನ ಮೇಲೆ ಕೂತಳು. "ಹಸಿವಾಗ್ತಿದೆ. ಅಯ್ಯೋ ದೇವರೇ, ನಂಗೆ ಹಸಿವಾಗ್ತಿದೆ ನೋಡು."

ಹರಿತಿನಾ ಒಂದು ತಟ್ಟೆ ತಂದು ಅವಳ ಮುಂದಿಟ್ಟಳು. ಗಂಡನಿಗೆ ತಟ್ಟೆ ಇಡಲಿಲ್ಲ. ಬಿಸಿ ಬ್ಲಿನಿಯ ಹಬೆ ಏಳುತ್ತಿತ್ತು. ಎವ್ಸೇಯ್ ಬೆಣ್ಣೆಯ ಬಟ್ಟಲು ಎಳೆದುಕೊಂಡು, ಚಾಕುವಿನಿಂದ ತಂಗಿಯ ತಟ್ಟೆಯಲ್ಲಿದ್ದದ್ದಕ್ಕೆ ಅಂಚಿನವರೆಗೂ ಸವರತೊಡಗಿದ. ಸಾಕಣ್ಣ, ಸಾಕು ಅಂದಳು ಅವಳು ತಿನ್ನುತ್ತಲೇ. ಅವನು ಇನ್ನೊಂದಕ್ಕೆ ಸವರಿದ. ಅದೂ ಮುಗಿದ ಮೇಲೆ ಮತ್ತೊಂದಕ್ಕೆ ಸವರಿದ.